ಲುಡ್ವಿಗ್ ಎಂಬ ಅಣ್ಣನ ಹೆಸರುಗಳು

ತೊಂಬತ್ತರ ದಶಕದ ನಡುವೆ ನಾವು ಅಮೆರಿಕದ ಕೆರೊಲಿನಾದ ಏಪೆಕ್ಸ್ ಎಂಬ ಊರಿಗೆ ಬಂದ ಮೊದಲ ವರ್ಷ ನಮ್ಮ ಮನೆಗೆ ಮೂವರು ಹೆಂಗಸರ ಹೆಸರಿನಲ್ಲಿ ಟಪಾಲು ಬರುತ್ತಿತ್ತು. ಮೂವರೂ ನಾನೇ. ಪಾಸ್‌ಪೋರ್ಟಿನಲ್ಲಿ ಊರಿನ ಹೆಸರು, ಅಪ್ಪನ ಹೆಸರು, ನನ್ನ ಹೆಸರು ಒಂದೇ ಸಾಲಿನಲ್ಲಿದ್ದವು. ಡ್ರೈವಿಂಗ್ ಲೈಸೆನ್ಸ್ ಕೊಟ್ಟವರು ಊರನ್ನೇ ನನ್ನ ಹೆಸರು ಮಾಡಿದರು, ಬ್ಯಾಂಕಿನವರು ಅಪ್ಪನ ಹೆಸರಿನಿಂದ ನನ್ನನ್ನು ಕರೆದರು, ಉಳಿದವರು ಗಂಡನ ಹೆಸರನ್ನು ನನ್ನ ಬೆನ್ನಿಗೆ ಅಂಟಿಸಿದರು. ಒಂದು ಮಧ್ಯಾಹ್ನ ಪಕ್ಕದ ಟೌನ್‌ಹೌಸಿನ ಮುದುಕಿ ತನ್ನ ಡಬ್ಬಿಗೆ ಬಂದಿದ್ದ ನಮ್ಮ ಕಾಗದಗಳನ್ನು ಹಿಡಿದುಕೊಂಡು ಬಾಗಿಲು ತಟ್ಟಿದರು.

"ಈ ಮೂರು ಜನಾನೂ ನಿಮ್ಮನೇಲೇ ಇದ್ದಾರಾ?"

"ಮೂರೂ ನಾನೇ," ಎಂದೆ.

ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. "ನನ್ನ ಅಣ್ಣನಿಗೂ ಹೀಗೇ. ಅವನಿಗೆ ನಾಲ್ಕು," ಎಂದು ಕಾಗದಗಳನ್ನು ಕೈಗಿಟ್ಟು ಹೊರಟುಹೋದರು.

ನನಗೆ ಆಗ ಇಪ್ಪತ್ತಾರು. ಗಂಡನ ವೀಸಾದ ನೆರಳಿನಲ್ಲಿ ಬಂದವಳಾದ್ದರಿಂದ ಕೆಲಸ ಮಾಡುವ ಹಾಗಿರಲಿಲ್ಲ. ಅವರು ಬೆಳಗ್ಗೆ ಆಫೀಸಿಗೆ ಹೋದರೆ ಸಂಜೆಯವರೆಗೆ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ. ಹಾಗಾಗಿ ಆ ನಾಲ್ಕು ಹೆಸರುಗಳ ಕುತೂಹಲವನ್ನೇ ನೆಪ ಮಾಡಿಕೊಂಡು ಮಾರನೆಯ ದಿನ ಒಂದು ಡಬ್ಬಿ ಚಿತ್ರಾನ್ನ ಹಿಡಿದು ಅವರ ಮನೆಗೆ ಹೋದೆ. ತಮ್ಮ ಹೆಸರು ಹಿಡಿದೇ ಕರೆಯಬೇಕೆಂದು ಅವರು ಹೇಳಿದರು. ಅರವತ್ತು ದಾಟಿದವರನ್ನು ಹಾಗೆ ಕರೆಯಲು ನನ್ನ ನಾಲಿಗೆ ಹೊರಳಲಿಲ್ಲ. "ಆಂಟಿ ಅಂತೀನಿ" ಎಂದೆ. ತಮ್ಮ ಹಳ್ಳಿಯಲ್ಲೂ ಹಿರಿಯ ಹೆಂಗಸರನ್ನೆಲ್ಲ ಹಾಗೇ ಕರೆಯುತ್ತಿದ್ದರೆಂದು ಅವರು ಒಪ್ಪಿಕೊಂಡರು.

ಆ ಹಳ್ಳಿ ಇದ್ದದ್ದು ರೊಮೇನಿಯಾದ ಪಶ್ಚಿಮದ ಬಯಲಿನಲ್ಲಿ. ಮನೆಮಾತು ಜರ್ಮನ್, ಅದರಲ್ಲೂ ಅಲ್ಲಿನವರಿಗೆ ಮಾತ್ರ ಅರ್ಥವಾಗುವಂಥ ಒಂದು ಬಗೆ. ಅಣ್ಣ ಅವರಿಗಿಂತ ಮೂರು ವರ್ಷ ದೊಡ್ಡವನು. ಮನೆಯಲ್ಲಿ ಅವನು ಲುಡ್ವಿಗ್. ಚರ್ಚಿನ ಪುಸ್ತಕದಲ್ಲಿ ಪಾದ್ರಿ ಲ್ಯಾಟಿನ್ನಿನಲ್ಲಿ ಲುಡೋವಿಕುಸ್ ಎಂದು ಬರೆದಿದ್ದ. ಸರ್ಕಾರಿ ಶಾಲೆಯ ಹಾಜರಿಯಲ್ಲಿ ಲುಡೋವಿಕ್. ಪಕ್ಕದ ಮನೆಯ ಹಂಗೇರಿಯನ್ನರ ಬಾಯಲ್ಲಿ ಲಾಯೋಶ್. "ನಾಲ್ಕರಲ್ಲಿ ಯಾವುದರಿಂದ ಕರೆದ್ರೂ ಓಡಿಬರ್ತಿದ್ದ. ಊಟಕ್ಕೆ ಕರೆದ್ರೆ ಮಾತ್ರ," ಎಂದರು ಆಂಟಿ.

ಎರಡನೆಯ ಮಹಾಯುದ್ಧದ ಕೊನೆಯ ಶರತ್ಕಾಲದಲ್ಲಿ ರಷ್ಯದ ಸೈನ್ಯ ಹತ್ತಿರ ಬಂದಾಗ ಹಳ್ಳಿಯ ಅರ್ಧ ಜನ ಕುದುರೆಗಾಡಿ ಕಟ್ಟಿಕೊಂಡು ಪಶ್ಚಿಮಕ್ಕೆ ಹೊರಟರು. ಆಗ ಹದಿನಾಲ್ಕರ ಹುಡುಗಿಯಾಗಿದ್ದ ಆಂಟಿಯನ್ನು ಚಿಕ್ಕಮ್ಮನ ಗಾಡಿಯಲ್ಲಿ ಕೂರಿಸಿದರು. ತಾಯಿ ಮತ್ತು ಅಣ್ಣ ದನಗಳಿಗೊಂದು ವ್ಯವಸ್ಥೆ ಮಾಡಿ ವಾರದೊಳಗೆ ಬರುವುದೆಂದಾಗಿತ್ತು. ಬರಲಿಲ್ಲ. ತಾಯಿ ಆ ಚಳಿಗಾಲದಲ್ಲೇ ತೀರಿಕೊಂಡ ಸುದ್ದಿ ಎಷ್ಟೋ ತಿಂಗಳ ಮೇಲೆ ಆಸ್ಟ್ರಿಯಾದ ನಿರಾಶ್ರಿತರ ಶಿಬಿರಕ್ಕೆ ತಲುಪಿತು. ಅಣ್ಣನನ್ನು ಇತರ ಜರ್ಮನರ ಜೊತೆ ರಷ್ಯದ ಕಲ್ಲಿದ್ದಲ ಗಣಿಗೆ ದುಡಿಯಲು ಒಯ್ದರು ಎಂದಷ್ಟೇ ಅದರಲ್ಲಿತ್ತು. ಆಂಟಿ ಮುಂದೆ ಅಮೆರಿಕಕ್ಕೆ ಬಂದರು, ಕೆರೊಲಿನಾದ ಬಟ್ಟೆ ಗಿರಣಿಯ ಮೆಕ್ಯಾನಿಕ್ ಒಬ್ಬರನ್ನು ಮದುವೆಯಾದರು, ಮಕ್ಕಳಾಗಲಿಲ್ಲ, ಗಂಡನೂ ಹೋದರು. ಈ ನಡುವೆ ಮೂರು ಸಲ ಅಣ್ಣನನ್ನು ಹುಡುಕಿಸಿದ್ದರು. ಮೂರು ಸಲವೂ ಉತ್ತರ ಒಂದೇ: ಈ ಹೆಸರಿನವರು ದಾಖಲೆಯಲ್ಲಿಲ್ಲ.

"ಯಾವ ಹೆಸರು ಕೊಟ್ಟಿದ್ರಿ ಆಂಟಿ?"

"ಲುಡ್ವಿಗ್. ಇನ್ಯಾವುದು?"

ಆ ಸಂಜೆ ಅದನ್ನು ಗಂಡನಿಗೆ ಹೇಳಿದೆ. ಅವರು ಶೂ ಬಿಚ್ಚುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. "ನಾನು ದಿನಾ ಆಫೀಸಲ್ಲಿ ಮಾಡೋದೇ ಇದು ಕಣೇ. ಒಂದು ಸ್ಪೆಲಿಂಗ್ ಬೇರೆ ಇದ್ರೆ ಕಂಪ್ಯೂಟರ್‌ಗೆ ಅವನು ಬೇರೆ ಮನುಷ್ಯ. ಎಲ್ಲಾ ಹೆಸರೂ ಹಾಕಿ ಸರ್ಚ್ ಮಾಡ್ಬೇಕು."

"ಎಲ್ಲಾ ಹೆಸರು ಅಂದ್ರೆ ಎಷ್ಟಿದೆಯೋ ಯಾರಿಗೆ ಗೊತ್ತು, ರೀ?"

"ಲೈಬ್ರರಿಗೆ ಹೋಗಿ ಕೇಳು. ಅವರಿಗೆ ಗೊತ್ತಿರತ್ತೆ."

ಪಟ್ಟಣದ ಲೈಬ್ರರಿ ನಡೆದುಹೋಗುವಷ್ಟು ಹತ್ತಿರವಿತ್ತು. ಅಲ್ಲಿನ ಲೈಬ್ರೇರಿಯನ್ ಐವತ್ತರ ಆಸುಪಾಸಿನ ಕಪ್ಪು ಹೆಂಗಸು, ಕೆರೊಲಿನಾದಲ್ಲೇ ಹುಟ್ಟಿ ಬೆಳೆದವರು, ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಅದನ್ನೇ ಹುಡುಕುವ ಅಭ್ಯಾಸದವರು. ನನ್ನ ಮಾತು ಕೇಳಿ ಅವರು ಹೆಸರುಗಳ ಮೂಲ ಹೇಳುವ ಒಂದು ದಪ್ಪ ಪುಸ್ತಕವನ್ನೂ ಅದಕ್ಕಿಂತ ದಪ್ಪದ ನಿಘಂಟನ್ನೂ ತಂದು ನನ್ನ ಮುಂದಿಟ್ಟರು. ನಾನು ಎರಡು ವಾರ ಹೋಗಿ ಕೂತು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಲುಡ್ವಿಗ್ ಎಂಬುದು ಫ್ರಾಂಕರು ಎಂಬ ಹಳೆಯ ಜರ್ಮನ್ ಜನರಲ್ಲಿ ಇಡುತ್ತಿದ್ದ ಹೆಸರು. ಅವರ ರಾಜನೊಬ್ಬನಿಗೆ ಆ ಹೆಸರಿತ್ತು. ಲ್ಯಾಟಿನ್ ಬರೆಯುವವರ ಕೈಗೆ ಸಿಕ್ಕು ಅದು ಗಂಟಲಲ್ಲಿ ಸಿಕ್ಕಿಹಾಕಿಕೊಳ್ಳುವಂಥ ಉದ್ದದ ಹೆಸರಾಯಿತು, ಆಮೇಲೆ ಸವೆದು ಕ್ಲೋವಿಸ್ ಆಯಿತು. ಅದೇ ಫ್ರಾನ್ಸಿನಲ್ಲಿ ಇನ್ನೂ ಸವೆದು ಲೂಯಿ. ಬರೆಯುವಾಗ ಕೊನೆಯಲ್ಲೊಂದು ಸ್ ಇರುತ್ತದೆ, ಹೇಳುವಾಗ ಇಲ್ಲ. ಸ್ಪೇನಿನಲ್ಲಿ ಆ ಸ್ ಉಳಿದು ಲುಯಿಸ್, ಇಟಲಿಯಲ್ಲಿ ಲುಯಿಜಿ, ಡಚ್ಚರಲ್ಲಿ ಲೋಡೆವೈಕ್, ಪೋಲೆಂಡಿನಲ್ಲಿ ಲುಡ್ವಿಕ್, ಇಂಗ್ಲಿಷಿನಲ್ಲಿ ಲೂಯಿಸ್. ನಮ್ಮ ಮನೆಯಿಂದ ಒಂದು ಗಂಟೆ ದೂರದ ಲೂಯಿಸ್‌ಬರ್ಗ್ ಎಂಬ ಊರು ಕೂಡ ಫ್ರಾನ್ಸಿನ ಒಬ್ಬ ರಾಜನಿಂದಾಗಿ ಆಂಟಿಯ ಅಣ್ಣನ ಹೆಸರಿನದೇ.

ಹೆಸರಿನಲ್ಲಿ ಎರಡು ತುಂಡು. ಎರಡನೆಯದು ವಿಗ್, ಅಂದರೆ ಕಾಳಗ. ಮೊದಲನೆಯದು ಹ್ಲುದ್. ನಿಘಂಟಿನಲ್ಲಿ ಅದರ ಅರ್ಥ 'ಕೇಳಲ್ಪಟ್ಟ, ಹೆಸರುವಾಸಿಯಾದ' ಎಂದಿತ್ತು. ಅದರ ನೆಂಟ ಪದಗಳ ಸಾಲಿನಲ್ಲಿ ಗ್ರೀಕ್, ಲ್ಯಾಟಿನ್ ಆದಮೇಲೆ ಸಂಸ್ಕೃತದ ಒಂದು ಪದ ಇಂಗ್ಲಿಷ್ ಅಕ್ಷರದಲ್ಲಿತ್ತು: ಶ್ರುತ. ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಸಂಸ್ಕೃತ ತೆಗೆದುಕೊಂಡವಳು ನಾನು. ಆ ಪದವನ್ನು ಅಲ್ಲಿ ನೋಡಿ ನನಗೆ ದೂರದ ಊರಿನಲ್ಲಿ ಬೀದಿಯ ಗುರುತಿನವರು ಎದುರಾದ ಹಾಗಾಯಿತು. ಎದ್ದು ಹೋಗಿ ಲೈಬ್ರೇರಿಯನ್‌ಗೆ ತೋರಿಸಿದೆ.

ಅವರು ಕನ್ನಡಕ ಇಳಿಸಿ ಓದಿದರು. "ನನ್ನ ತಾತನ ಅಪ್ಪನ ಹೆಸರೂ ಲೂಯಿಸ್. ಅವನನ್ನು ಗುಲಾಮನಾಗಿ ಕೊಂಡ ಯಜಮಾನ ಇಟ್ಟಿದ್ದು. ಅದಕ್ಕೆ ಮುಂಚೆ ಏನು ಹೆಸರಿತ್ತೋ ಯಾವ ಪುಸ್ತಕದಲ್ಲೂ ಇಲ್ಲ," ಎಂದರು. ಆಮೇಲೆ ನನ್ನ ಕೈಯಿಂದ ನೋಟ್‌ಬುಕ್ ತೆಗೆದುಕೊಂಡರು. "ನಿಮ್ಮ ಆಂಟಿಯ ಅಣ್ಣನದಾದರೂ ಇದೆಯಲ್ಲ. ಬನ್ನಿ, ಹುಡುಕೋಣ."

ಲೈಬ್ರರಿಗೆ ಇಂಟರ್‌ನೆಟ್ ಆಗ ತಾನೆ ಬಂದಿತ್ತು. ಒಂದೇ ಕಂಪ್ಯೂಟರ್, ಅರ್ಧ ಗಂಟೆಯ ಸರದಿ. ವಂಶಾವಳಿ ಹುಡುಕುವವರು ಪರಸ್ಪರ ಪತ್ರ ಬರೆದುಕೊಳ್ಳುವ ಒಂದು ಪಟ್ಟಿ ಅಲ್ಲಿತ್ತು. ಅಣ್ಣನ ಮನೆತನದ ಹೆಸರು, ಹಳ್ಳಿ, ಹುಟ್ಟಿದ ವರ್ಷ ಬರೆದು, ಅದರ ಕೆಳಗೆ ಹೆಸರಿನ ಹನ್ನೊಂದು ರೂಪಗಳನ್ನೂ ಸಾಲಾಗಿ ಕೊಟ್ಟು ಕಳಿಸಿದೆವು.

ಆರು ವಾರ ಏನೂ ಬರಲಿಲ್ಲ. ಅಷ್ಟರಲ್ಲಿ ನಾವು ಲ್ಯಾನ್‌ಹ್ಯಾಮ್ ಎಂಬ ಊರಿನ ನಮ್ಮವರ ದೇವಸ್ಥಾನಕ್ಕೆ ಹೊರಟೆವು. ಕಾರಿನಲ್ಲಿ ಐದು ತಾಸಿನ ದಾರಿ. "ಆಂಟೀನೂ ಕರ್ಕೊಂಡು ಹೋಗೋಣ್ವಾ? ಪಾಪ, ಒಬ್ರೇ ಕೂತು ಫೋನ್ ಬರುತ್ತೇನೋ ಅಂತ ಕಾಯ್ತಿರ್ತಾರೆ," ಎಂದರು ನನ್ನ ಗಂಡ. ಆಂಟಿ ಅಪ್ಪಟ ಕ್ಯಾಥೊಲಿಕ್. ಆದರೂ ಒಳ್ಳೆಯ ಕೋಟು ಹಾಕಿಕೊಂಡು ಬಂದು ಹಿಂದಿನ ಸೀಟಿನಲ್ಲಿ ಕೂತರು.

ದೇವಸ್ಥಾನದಲ್ಲಿ ಅರ್ಚನೆಗೆ ನಿಂತಾಗ ಅವರು ನನ್ನ ಸೆರಗು ಎಳೆದು, "ನನ್ನ ಅಣ್ಣನಿಗೂ ಮಾಡಿಸಬಹುದಾ?" ಎಂದು ಕೇಳಿದರು. ಅರ್ಚಕರು ತೆಲುಗಿನವರು, ನಮ್ಮೊಡನೆ ಕನ್ನಡ ಬೆರೆಸಿಯೇ ಮಾತಾಡುತ್ತಿದ್ದರು.

"ಹೆಸರು ಹೇಳಮ್ಮ."

"ಲುಡ್ವಿಗ್."

"ಅದೇನು ಹೆಸರು?"

"ಶ್ರುತ ಅನ್ನೋದೂ ಅದೂ ಒಂದೇ ಬೇರಿಂದ ಬಂದಿದ್ದಂತೆ. ಅವರಣ್ಣ, ಯುದ್ಧದಲ್ಲಿ ಕಳೆದುಹೋದವರು. ಗೋತ್ರ ನಕ್ಷತ್ರ ಗೊತ್ತಿಲ್ಲ," ಎಂದೆ.

ಅರ್ಚಕರು ಆಂಟಿಯ ಮುಖ ನೋಡಿದರು. "ಗೋತ್ರ ಗೊತ್ತಿಲ್ಲದಿದ್ದರೆ ಕಾಶ್ಯಪ. ಅದಕ್ಕೇನಂತೆ," ಎಂದು ಹೂವು ಎತ್ತಿಕೊಂಡರು. ಗರ್ಭಗುಡಿಯ ಒಳಗಿನಿಂದ "ಲುಡ್ವಿಗ ನಾಮಧೇಯಸ್ಯ" ಎಂದು ಕೇಳಿಸಿದಾಗ ಆಂಟಿ ತಟ್ಟನೆ ತಲೆಯೆತ್ತಿದರು. ಆಮೇಲೆ ಕೆಳಗೆ ಊಟದ ಹಾಲಿನಲ್ಲಿ ಪುಳಿಯೋಗರೆ ತಿನ್ನುತ್ತಾ ಹೇಳಿದರು: "ಬೇರೆಯವರ ಬಾಯಲ್ಲಿ ಆ ಹೆಸರು ಕೇಳಿ ಐವತ್ತು ವರ್ಷ ಆಯ್ತು. ನಾನೊಬ್ಬಳೇ ಹೇಳ್ಕೋತಿದ್ದೆ."

ಮುಂದಿನ ತಿಂಗಳು ಜರ್ಮನಿಯಿಂದ ಉತ್ತರ ಬಂತು. ಆ ಹಳ್ಳಿಯಿಂದ ಚದುರಿದವರೇ ಕಟ್ಟಿಕೊಂಡ ಸಂಘವೊಂದರ ಹಿರಿಯರು ಬರೆದಿದ್ದರು. ಯುದ್ಧದ ನಂತರ ಆ ಕಡೆಯ ಕೆಲವು ಕುಟುಂಬಗಳು ದಕ್ಷಿಣ ಫ್ರಾನ್ಸಿನಲ್ಲಿ ನೆಲೆಸಿದವು. ಇನ್ನೂರು ವರ್ಷಗಳ ಹಿಂದೆ ಅವರ ಪೂರ್ವಿಕರಲ್ಲಿ ಕೆಲವರು ಫ್ರೆಂಚ್ ಸೀಮೆಯಿಂದ ಬಂದಿದ್ದರಂತೆ, ಆ ನಂಟಿನ ಮೇಲೆ ಅಲ್ಲಿ ಜಾಗ ಸಿಕ್ಕಿತಂತೆ. ಅಲ್ಲಿ ಲೂಯಿ ಎಂಬೊಬ್ಬರಿದ್ದರು, ನೀವು ಬರೆದ ಹಳ್ಳಿಯಲ್ಲೇ ಅದೇ ವರ್ಷ ಹುಟ್ಟಿದವರು, ಮನೆತನದ ಹೆಸರನ್ನು ಈಗ ಫ್ರೆಂಚ್ ಬಗೆಯಲ್ಲಿ ಬರೆಯುತ್ತಾರೆ, ಗಣಿಯಿಂದ ಬಿಡುಗಡೆಯಾಗಿ ಬಂದವರು. ಮೂರು ವರ್ಷದ ಹಿಂದೆ ತೀರಿಕೊಂಡರು. ಒಬ್ಬಳು ಮಗಳಿದ್ದಾಳೆ, ವಿಳಾಸ ಇದು.

ಪ್ರಿಂಟ್ ಮಾಡಿದ ಹಾಳೆಯನ್ನು ನಾನೇ ಒಯ್ದು ಓದಿ ಹೇಳಿದೆ. ಆಂಟಿ ಅಳುತ್ತಾರೆ ಎಂದು ಹೆದರಿದ್ದೆ. ಅವರಿಗೆ ಬಂದದ್ದು ಸಿಟ್ಟು.

"ಹೆಸರು ಬದಲಾಯಿಸ್ಕೊಂಡ. ಹಾಗಾದ್ಮೇಲೆ ನಾನು ಹುಡುಕಿದ್ರೆ ಹೇಗೆ ಸಿಗ್ತಿದ್ದ?"

"ಬದಲಾಯಿಸ್ಕೊಂಡಿಲ್ಲ ಆಂಟಿ. ಲೂಯಿ ಅಂದ್ರೂ ಲುಡ್ವಿಗ್ ಅಂದ್ರೂ ಒಂದೇ ಹೆಸರು."

"ನಿನ್ನ ಪುಸ್ತಕದಲ್ಲಿ ಒಂದೇ. ನಮ್ಮಮ್ಮ ಹಿತ್ತಲಲ್ಲಿ ನಿಂತು ಯಾವತ್ತೂ ಲೂಯಿ ಅಂತ ಕೂಗಿರಲಿಲ್ಲ."

ನನ್ನ ಎರಡು ವಾರದ ಓದು ಎಷ್ಟು ತೆಳುವಾದದ್ದು ಎಂದು ನಾಚಿಕೆಯಾಯಿತು. ಅವರು ಹತ್ತು ದಿನ ಬಾಗಿಲು ತೆರೆಯಲಿಲ್ಲ. ನಾನು ಮೆಟ್ಟಿಲ ಮೇಲೆ ಸಾರಿನ ಡಬ್ಬಿ ಇಟ್ಟು ಬರುತ್ತಿದ್ದೆ, ಮಾರನೆಯ ದಿನ ತೊಳೆದ ಡಬ್ಬಿ ನಮ್ಮ ಮೆಟ್ಟಿಲ ಮೇಲಿರುತ್ತಿತ್ತು. ಹನ್ನೊಂದನೆಯ ದಿನ ಅವರೇ ಬಂದು, "ಆ ಹುಡುಗಿಗೆ ಒಂದು ಕಾಗದ ಬರೀಬೇಕು, ನೀನು ಟೈಪ್ ಮಾಡ್ತೀಯಾ?" ಎಂದರು.

ಮಗಳು ಶಾಲೆಯ ಇಂಗ್ಲಿಷಿನಲ್ಲಿ ನಾಲ್ಕು ಪುಟ ಉತ್ತರ ಬರೆದಳು. ತಂದೆಗೆ ಆ ಹೆಸರನ್ನು ಕಾಗದಪತ್ರ ಮಾಡಿಕೊಟ್ಟ ಗುಮಾಸ್ತ ಬರೆದದ್ದು. ಯುದ್ಧ ಮುಗಿದು ಇನ್ನೂ ಕೆಲವೇ ವರ್ಷ, ಆ ಊರಿನಲ್ಲಿ ಜರ್ಮನ್ ಹೆಸರು ಕೇಳಿದರೆ ಜನ ಮುಖ ತಿರುಗಿಸುತ್ತಿದ್ದರು. ಅವರು ತಿದ್ದಲು ಹೋಗಲಿಲ್ಲ. ತಂಗಿಯನ್ನು ಅವರೂ ಹುಡುಕಿದ್ದರು, ತವರಿನ ಹೆಸರಿನಲ್ಲಿ. ಮದುವೆಯಾಗಿ ಆಕೆಯ ಹೆಸರು ಏನಾಗಿದೆಯೆಂದು ಅವರಿಗೆ ಯಾರು ಹೇಳಬೇಕು?

ಲಕೋಟೆಯಲ್ಲಿ ಇನ್ನೂ ಮೂರು ಹಾಳೆ ಇದ್ದವು. ಕೊನೆಯ ದಿನಗಳಲ್ಲಿ ಆಸ್ಪತ್ರೆಯಲ್ಲಿ ತಂದೆ ಫ್ರೆಂಚ್ ಮರೆತು ಬರೀ ಹಳೆಯ ಮಾತನ್ನೇ ಆಡುತ್ತಿದ್ದರಂತೆ. ಮಗಳಿಗೆ ಅವರು ಅದನ್ನು ಕಲಿಸಿರಲಿಲ್ಲ. ಅರ್ಥವಾಗದಿದ್ದರೂ ಬಿಡಲಾರದೆ ಅವಳು ಕಿವಿಗೆ ಬಿದ್ದದ್ದನ್ನು ಬಿದ್ದ ಹಾಗೆ ಫ್ರೆಂಚ್ ಕಾಗುಣಿತದಲ್ಲಿ ಬರೆದಿಟ್ಟಿದ್ದಳು. "ಇದರಲ್ಲಿ ಏನಿದೆ ಹೇಳುವಿರಾ?" ಎಂದು ಕೇಳಿದ್ದಳು.

ಆಂಟಿಗೆ ಅದನ್ನು ಓದಲಾಗಲಿಲ್ಲ. ಫ್ರೆಂಚ್ ಅಕ್ಷರಗಳ ಗೋಜಲಿನಲ್ಲಿ ಒಂದು ಪದವೂ ಸಿಗಲಿಲ್ಲ. ಲೈಬ್ರೇರಿಯನ್ ಕಾಲೇಜಿನಲ್ಲಿ ಫ್ರೆಂಚ್ ಓದಿದ್ದವರು. ಒಂದು ಬೆಳಗ್ಗೆ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ನಾವು ಮೂವರೂ ಕೂತೆವು. ಲೈಬ್ರೇರಿಯನ್ ಅರ್ಥವಾಗದ ಸಾಲುಗಳನ್ನು ಫ್ರೆಂಚಿನಂತೆ ಗಟ್ಟಿಯಾಗಿ ಓದಿದರು. ಆಂಟಿ ಕಣ್ಣು ಮುಚ್ಚಿ ಕೇಳಿಸಿಕೊಂಡರು. ಮೊದಲ ಸಾಲು ಎರಡು ಸಲ ಓದಿಸಿದರು, ಮೂರನೆಯ ಸಲಕ್ಕೆ ಜೋರಾಗಿ ನಕ್ಕುಬಿಟ್ಟರು.

"ಗೇಟು ಹಾಕು, ಕರು ಆಚೆ ಹೋಗುತ್ತೆ ಅಂತಿದ್ದಾನೆ!"

ನಾನು ಬರೆದುಕೊಂಡೆ. ಬಾವಿಯ ಹಗ್ಗ ಹಳೆಯದಾಗಿದೆ, ಹುಷಾರು. ಇವತ್ತು ಜೋಳ ಸುಲಿಯಬೇಕು. ನನ್ನ ಟೋಪಿ ಯಾರು ತೆಗೆದದ್ದು? ಒಂದೊಂದು ಸಾಲಿಗೂ ಆಂಟಿ ಮೇಜಿನ ಮೇಲೆ ಮುಂದೆ ಬಾಗುತ್ತಿದ್ದರು. ಮೂರನೆಯ ಹಾಳೆಯಲ್ಲಿ ಒಂದೇ ಮಾತು ಐದಾರು ಕಡೆ ಇತ್ತು. ಲೈಬ್ರೇರಿಯನ್ ಅದನ್ನು ನಿಧಾನವಾಗಿ ಓದಿದರು. ಆಂಟಿಯ ನಗು ನಿಂತಿತು.

"ಏನಂತೆ ಆಂಟಿ?"

"ಗಾಡಿ ಹೋಯ್ತಾ, ಅವಳಿಗೆ ಕಂಬಳಿ ಕೊಟ್ರಾ ಅಂತ ಕೇಳ್ತಿದ್ದಾನೆ." ಆ ಹಾಳೆಯನ್ನು ತಮ್ಮ ಕಡೆಗೆ ಎಳೆದುಕೊಂಡು ಹೇಳಿದರು: "ಕೊಟ್ಟಿದ್ದ. ಅವನೇ ಕೊಟ್ಟಿದ್ದ, ತಾನು ಹೊದೆಯೋದನ್ನೇ. ಮರೆತುಬಿಟ್ಟಿದ್ದ ನೋಡು."

ಲೈಬ್ರೇರಿಯನ್ ಎದ್ದು ಹೋಗಿ ಬಾಗಿಲು ಹಾಕಿದರು. ಯಾರೂ ಬಂದು ಕೇಳದಿರಲಿ ಎಂದು.

ಮುಂದಿನ ವಸಂತದಲ್ಲಿ ಅಣ್ಣನ ಮಗಳು ಬಂದಳು, ನಲವತ್ತರ ಹತ್ತಿರದ, ಕಡಿಮೆ ಮಾತಿನ ಹೆಂಗಸು. ಆಂಟಿ ಶ್ಯಾವಿಗೆಯಂಥದೊಂದನ್ನು ಬೇಯಿಸಿ ಮೇಲೆ ಗಸಗಸೆ, ಸಕ್ಕರೆ ಉದುರಿಸಿ ಬಡಿಸಿದರು. ಅದು ಅಪ್ಪ ಭಾನುವಾರ ಮಾಡುತ್ತಿದ್ದ ತಿಂಡಿ ಎಂದು ಆಕೆ ತಟ್ಟೆ ಖಾಲಿ ಮಾಡಿದಳು. ಅಪ್ಪನ ಗೋರಿಯ ಮೇಲೆ ಲೂಯಿ ಎಂದಿದೆ, ಅದನ್ನು ಬದಲಾಯಿಸಲೇ ಎಂದು ಕೇಳಿದಳು.

ಆಂಟಿ ಖಾಲಿ ತಟ್ಟೆ ಎತ್ತಿಕೊಂಡರು. "ಬೇಡ. ಅಲ್ಲಿ ಅವನನ್ನು ನೋಡಕ್ಕೆ ಬರೋರಿಗೆ ಅವನು ಲೂಯಿ. ಅವರೂ ನನ್ನ ಹಾಗೆ ಹುಡುಕೋ ಹಾಗಾಗಬಾರದು. ಆದರೆ ನೀನು ಮನೇ ಹೆಸರು ಕಲ್ತುಕೊಂಡು ಹೋಗು."

ಆಕೆ "ಲುದ್ವೀಗ್" ಎಂದಳು. ಆಂಟಿ ಅಲ್ಲವೆಂದು ತಲೆಯಾಡಿಸಿದರು. ಬರೆಯುವಾಗ ಕೊನೆಗೆ ಗ್ ಇದ್ದರೂ ಅವರ ಹಳ್ಳಿಯಲ್ಲಿ ಅದು ಶ್‌ಗೆ ಹತ್ತಿರದ ಒಂದು ಸದ್ದು, ಉಸಿರು ಬಿಟ್ಟ ಹಾಗೆ. ಮೂರು ದಿನ ವರಾಂಡದಲ್ಲಿ ಕೂತು ಅತ್ತೆ ಹೇಳಿಕೊಟ್ಟರು, ಸೊಸೆ ಹೇಳಿದಳು. ನಾನು ನಮ್ಮ ಅಡುಗೆಮನೆಯ ಕಿಟಕಿಯಿಂದ ಕೇಳಿಸಿಕೊಳ್ಳುತ್ತಾ ತರಕಾರಿ ಹೆಚ್ಚುತ್ತಿದ್ದೆ. ಏರ್‌ಪೋರ್ಟಿಗೆ ಹೊರಡುವ ದಿನ ಬೆಳಗ್ಗೆ ಆಕೆಗೆ ಅದು ಸರಿಯಾಗಿ ಬಂತು. ಆಂಟಿ ಕುರ್ಚಿಯಿಂದಲೇ "ಹಾಂ!" ಎಂದು ಕೂಗಿದ್ದು ನಮ್ಮ ಮನೆಯವರೆಗೂ ಕೇಳಿಸಿತು.