ದೂರು ಕೊಟ್ಟ ತಾಯಿ ಕೂರಲಿಲ್ಲ

ಗೆಳೆಯರೇ, ಇವತ್ತು ಕನಕಪುರದಲ್ಲಿ ನಮ್ಮ ಶಾಲೆಯ ಗಣಿತದ ಮೇಷ್ಟ್ರ ಮೇಲೆ ಇಲಾಖಾ ವಿಚಾರಣೆ ಇತ್ತು. ಲೆಕ್ಕ ಬರದ ಹುಡುಗಿಯೊಬ್ಬಳಿಗೆ ತರಗತಿಯ ಮುಂದೆ "ನೀನು ದನ ಕಾಯೋಕೇ ಲಾಯಕ್ಕು" ಅಂದರು ಎಂಬುದು ದೂರು. ಅವರ ಪರ ವಾದಿಸಲು ಸಹೋದ್ಯೋಗಿಯಾಗಿ ನಾನು ಹೋಗಿದ್ದೆ.

ದೂರು ಕೊಟ್ಟ ತಾಯಿ ಸಾತನೂರಿನ ಕಡೆಯವರು. ಮೇಷ್ಟ್ರು ಒಳಗೆ ಬಂದದ್ದೇ ಆಕೆ ಎದ್ದು ಕೈ ಮುಗಿದರು. ವಿಚಾರಣಾಧಿಕಾರಿ ಹೇಳಿದರೂ ಕೂರಲಿಲ್ಲ.

"ಮೇಷ್ಟ್ರು ಮುಂದೆ ಹೆಂಗ್ ಕೂತ್ಕೊಳ್ಳದು ಸಾ?"

"ಅಷ್ಟು ಗೌರವ ಇದ್ರೆ ದೂರು ಯಾಕೆ ಕೊಟ್ರಿ?" ನಾನು ಕೇಳಿದೆ. ಒಳ್ಳೆಯ ಪಾಟೀಸವಾಲು ಅನ್ನಿಸಿತ್ತು.

"ದನ ನಾನೂ ಕಾಯ್ತೀನಿ ಮೇಡಂ, ಅದ್ಕೆ ಬೇಜಾರಿಲ್ಲ. ಮೇಷ್ಟ್ರು ಅಂದಿದ್ದು ದಿಟ ಅಂತ ನನ್ ಮಗ್ಳು ನಂಬ್ಬುಟ್ಟವ್ಳೆ. ಸ್ಕೂಲಿಗೇ ಹೋಗಕಿಲ್ಲ ಅಂತಾಳೆ. ಅದು ಸುಳ್ಳು ಅಂತ ಅವ್ರೇ ಹೇಳ್ಬೇಕು. ನಾನೇಳುದ್ರೆ ಕೇಳಕಿಲ್ಲ."

ಮೇಷ್ಟ್ರೇ ತಲೆ ತಗ್ಗಿಸಿ, "ಅಂದಿದ್ದು ನಿಜ ಸರ್, ಬರ್ಕೊಳ್ಳಿ. ನಾಳೆ ಅವಳ ಮನೆಗೆ ಹೋಗಿ ಮಾತಾಡ್ತೀನಿ" ಅಂದರು.

ಅಧಿಕಾರಿ ಬರೆದುಕೊಂಡರು. ಶಿಕ್ಷೆ ಏನೆಂಬುದು ಆದೇಶ ಬಂದ ಮೇಲೆ ಗೊತ್ತಾಗಬೇಕು. ಹೊರಗೆ ಬಂದಾಗ ಆ ತಾಯಿ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಮೇಷ್ಟ್ರು ಕೆಲ್ಸಕ್ಕೇನೂ ತೊಂದ್ರೆ ಆಗಕಿಲ್ಲ ಅಲ್ವಾ?"

ಮೇಷ್ಟ್ರ ಬಗ್ಗೆ ಅಷ್ಟು ಕಾಳಜಿ ನಾನು ಸಿದ್ಧಮಾಡಿಕೊಂಡಿದ್ದ ಇಡೀ ವಾದದಲ್ಲೂ ಇರಲಿಲ್ಲ.