ಮೊಳೆ ಹೊಡೆಯಲಾಗದ ಮನೆ

ಮೂಡಲಗಿ ಹತ್ತಿರದ ಹೊಲದಲ್ಲಿ ಅವ್ವನಿಗೆಂದು ಒಂದೇ ಖೋಲಿಯ ಮನೆ ಕಟ್ಟಿಸಿದೆ. ಎರಡು ಮಂಚ ಹಾಕಿದರೆ ತಿರುಗಾಡಲು ಜಾಗವಿಲ್ಲ. ಆದರೂ ಗ್ಯಾಸಿನ ಪೈಪು ಗೋಡೆಯೊಳಗೇ ಹೋಗಬೇಕೆಂದು ಹಟ ಹಿಡಿದವನು ನಾನು. ಹುಕ್ಕೇರಿಯ ಅಕ್ಕನ ಮನೆಯಲ್ಲಿ ಪೈಪು ಕಾಣುವುದಿಲ್ಲ, ನಮ್ಮದೇಕೆ ಕಾಣಬೇಕು?

ಗೋಕಾಕದಿಂದ ಬಂದ ಫಿಟ್ಟರ್ ನಕ್ಕ. “ಸಿಲಿಂಡರ್ ಹೊರಗ, ಒಲಿ ಒಳಗ. ನಡುವ ಒಂದ ತೂತು ಸಾಕ್ರಿ.” ನಾನು ಒಪ್ಪಲಿಲ್ಲ. ಅವನು ಗೋಡೆಯಿಂದ ಗೋಡೆಗೆ ಸುತ್ತಿಸಿ ಕೊರೆದು ಪೈಪು ಹೂತ. ಸೋರುತ್ತದೆಯೇ ಎಂದು ಸೋಪಿನ ನೀರು ಹಚ್ಚಿ ನೋಡಿದ. ಮೇಲೆ ಬಳಿದ ಸಿಮೆಂಟಿನ ಗಿಲಾವು ಒಣಗಿದ ನಂತರ ಪೈಪು ಹೋದ ದಾರಿಯುದ್ದಕ್ಕೂ ಇದ್ದಿಲಿನಿಂದ ಗೆರೆ ಎಳೆದ.

“ಈ ಗೆರಿ ಅಳಸಬ್ಯಾಡ್ರಿ. ಇದರ ಮ್ಯಾಲ ಮೊಳಿ ಹೊಡದ್ರ ಮನಿ ಇರಂಗಿಲ್ಲ.”

ಮನೆ ಒಕ್ಕಲಾಗುವ ಹಿಂದಿನ ದಿನ ನಾನೇ ಸುಣ್ಣ ಹೊಡೆದೆ. ಹೊಸ ಮನೆಯಲ್ಲಿ ಕರಿ ಗೆರೆ ಇಟ್ಟುಕೊಂಡು ಯಾರಾದರೂ ದೀಪ ಹಚ್ಚುತ್ತಾರೆಯೇ? ಗೆರೆ ಹೋಯಿತು. ನನ್ನ ಬುದ್ಧಿ ಅದಕ್ಕಿಂತ ಮೊದಲೇ ಹೋಗಿತ್ತು.

ಮರುದಿನ ಬೀಗರು ಬಂದರು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಗೋಡೆ ಗಡಿಯಾರ. ಅವ್ವನ ಕೈಯಲ್ಲಿ ತೀರಿಹೋದ ಅಪ್ಪನ ಫೋಟೋ. ಅದು ಒಳಗೆ ತೂಗಿದ ಮೇಲೆಯೇ ತಾನು ಹೊಸ್ತಿಲು ದಾಟುವುದೆಂದು ಅವಳು ಅಂಗಳದಲ್ಲೇ ನಿಂತಳು. ಅಕ್ಕನ ಗಂಡ ಸುತ್ತಿಗೆ ಎತ್ತಿದ. ಆಗ ನನಗೆ ಗೆರೆಯ ನೆನಪಾಯಿತು.

“ಮಾಮಾ, ತಡೀರಿ!”

ಫಿಟ್ಟರನಿಗೆ ಫೋನು ಮಾಡಿ ಸುಣ್ಣದ ಕತೆ ಹೇಳಿದೆ. “ಯಾ ಗೋಡಿಗೆ ಹಚ್ಚೀರಿ?” ಎಂದ. “ನಾಕೂ ಗೋಡಿಗೆ” ಎಂದೆ. “ಬರ್ತೇನ್ರಿ” ಎಂದು ಫೋನಿಟ್ಟ. ಕೊನೆಗೆ ಬಂದವನು ಗೋಡೆಗೆ ಕಿವಿಯಿಟ್ಟು, ಬೆರಳಿನಿಂದ ಬಡಿದು ಬಡಿದು ನೋಡಿದ.

“ಹಾಕಿದಂವ ನಾನ, ಖರೆ. ಆದ್ರ ಕಲ್ಲೋಳಿ ಊರಾಗೂ ಇಂಥಾದ್ದ ಒಂದ ಮನಿ ಮಾಡೇನಿ. ಎರಡೂ ತಲ್ಯಾಗ ಕಲಸಿ ಹೋಗ್ಯಾವ್ರಿ.”

“ಫೋಟೋ ನೆಲದ ಮ್ಯಾಲ ಆನಿಸಿ ಇಡೂಣೇನವ್ವಾ?” ಎಂದೆ.

“ನಿಮ್ಮಪ್ಪನ್ನ ಕಾಲಾಗ ಇಡ್ತಿಯೇನೋ?” ಅವ್ವನ ಕಣ್ಣು ತುಂಬಿತ್ತು. ನನಗೆ ನಾಚಿಕೆಯಿಂದ ಭೂಮಿಗೆ ಇಳಿದುಹೋದಂತಾಯಿತು.

ಪೈಪು ಖಂಡಿತ ಇಲ್ಲದ ಜಾಗ ಒಂದೇ ಇತ್ತು: ಬಾಗಿಲು. ಅಪ್ಪನನ್ನು ಅದರ ಒಳಮೈಗೆ ತೂಗುಹಾಕಿದೆವು. ಅವ್ವ ಒಳಗೆ ಬಂದಳು. ಆದರೆ ಬಾಗಿಲು ತೆರೆದರೆ ಅಪ್ಪನ ಮುಖ ಗೋಡೆಗೆ. ಗ್ಯಾಸ್ ಹೊತ್ತಿಸಿದಾಗ ಬಾಗಿಲು ತೆರೆದೇ ಇರಬೇಕೆಂದು ಫಿಟ್ಟರನ ಕಟ್ಟಪ್ಪಣೆ. ಅಡುಗೆ ಮಾಡುವಾಗ ಗಂಡ ಕಾಣುವುದಿಲ್ಲ, ಗಂಡ ಕಾಣುವಾಗ ಅಡುಗೆಯಿಲ್ಲ. ಅವ್ವ ಒಂದು ವಾರ ತಾಳಿದಳು. ಆಮೇಲೆ ಸಿಲಿಂಡರನ್ನು ಅಕ್ಕನ ಮನೆಗೆ ಸಾಗಹಾಕಿ ಕರೆಂಟಿನ ಒಲೆ ತರಿಸಿದಳು.

ಇನ್ನು ಪೈಪಿನಲ್ಲಿ ಗ್ಯಾಸಿಲ್ಲ. ಮೊಳೆ ಎಲ್ಲಿ ಬೇಕಾದರೂ ಹೊಡೆಯಬಹುದು. ನಾನು ಹುರುಪಿನಿಂದ ಸುತ್ತಿಗೆ ತಂದೆ. ಅವ್ವ ಬಾಗಿಲಿಗೆ ಅಡ್ಡ ನಿಂತಳು.

“ಬ್ಯಾಡ, ಅಲ್ಲೇ ಇರ್ಲಿ ಬಿಡೋ. ಇದ್ದಾಗ ನಿಮ್ಮಪ್ಪ ಒಂದ ದಿನಾನೂ ಎದ್ದ ಹೋಗಿ ಬಾಗಲಾ ತಗದವ್ರಲ್ಲ. ಈಗರ ತಗೀಲಿ.”