ಮಹಾನಗರದಲ್ಲಿ ಎರಡು ಹಸು

ಕುಣಿಗಲ್ ಕಡೆಯಿಂದ ಬರುವ ಬಸ್ಸು ಗೂಳೂರು ದಾಟಿ ನಮ್ಮ ಬಡಾವಣೆಯನ್ನು ಸಮೀಪಿಸುವಾಗ ‘ತುಮಕೂರು ಮಹಾನಗರಕ್ಕೆ ಸುಸ್ವಾಗತ’ ಎಂಬ ಫಲಕವೊಂದು ಎದುರಾಗುತ್ತದೆ. ಅದರ ಕಂಬಕ್ಕೆ ಯಾವಾಗ ನೋಡಿದರೂ ಯಾವುದಾದರೊಂದು ಹಸು ಕತ್ತು ಉಜ್ಜುತ್ತ ನಿಂತಿರುತ್ತದೆ. ಫಲಕವನ್ನು ಓದಿದೊಡನೆ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು ಕೂರುತ್ತೇನೆ. ಮೂವತ್ತು ವರ್ಷ ಕನ್ನಡ ಪಾಠ ಹೇಳಿ, ಸೇರಿದ ಹುದ್ದೆಯಲ್ಲೇ ನಿವೃತ್ತನಾದವನಿಗೆ, ಮನೆಯಲ್ಲಿ ಕೂತಿದ್ದಾಗ ಇಂಥದೊಂದು ಬಡ್ತಿ ಬಂದದ್ದು ಸಣ್ಣ ಮಾತೇ, ನೀವೇ ಹೇಳಿ.

‘ಮಹಾ’ ಎಂಬುದು ವಿಚಿತ್ರವಾದ ವಿಶೇಷಣ. ಋಷಿಗೆ ಅಂಟಿದರೆ ಕೈಮುಗಿಯಬೇಕೆನಿಸುತ್ತದೆ. ಅದೇ ಹೆಂಡತಿಯ ಬಾಯಲ್ಲಿ ‘ನೀವು ಮಹಾ ಕಂಡಿದ್ದೀರಿ’ ಎಂದು ಬಂದರೆ ಪೇಪರು ಹಿಡಿದು ತೆಪ್ಪಗೆ ಹೊರಗೆ ನಡೆಯಬೇಕಾಗುತ್ತದೆ. ಇನ್ನು ‘ಮಹಾನಗರ’ವೆಂದರೇನೆಂದು ನಿಘಂಟನ್ನು ಕೇಳಿದರೆ, ‘ಬಹಳ ದೊಡ್ಡ ನಗರ’ ಎಂದು ಹೇಳಿ ಅದು ಕೈತೊಳೆದುಕೊಳ್ಳುತ್ತದೆ. ಎಷ್ಟು ದೊಡ್ಡದು? ಯಾವುದರಲ್ಲಿ ದೊಡ್ಡದು? ಗುಬ್ಬಿಯಲ್ಲಿರುವ ನನ್ನ ಭಾವಮೈದುನನಿಗೆ ತುಮಕೂರು ಇಂದಿಗೂ ಬರಿಯ ‘ಪ್ಯಾಟೆ’. ನಾವು ಬೆಂಗಳೂರಿಗೆ ಹೋದರೋ, ಅಲ್ಲಿನ ನೆಂಟರು ‘ಊರಿಂದ ಯಾವಾಗ ಬಂದ್ರಿ?’ ಎಂದು ವಿಚಾರಿಸುತ್ತಾರೆ. ಊರಿನ ಮಹತ್ತ್ವವೆಲ್ಲ ನೋಡುವವರು ನಿಂತ ಜಾಗದ ಮೇಲೆ ಹೋಗುತ್ತದೆಂದು ತೀರ್ಮಾನಿಸಿ ನಾನು ನೆಮ್ಮದಿಯಾಗಿದ್ದೆ.

ಆ ನೆಮ್ಮದಿಯನ್ನು ಕೆಡಿಸಿದವಳು ಕೆಂಪಮ್ಮ. ನಮ್ಮ ಬಡಾವಣೆ ಎದ್ದಿರುವುದು ಆಕೆಯ ಹಳ್ಳಿಯ ರಾಗಿಹೊಲಗಳ ಮೇಲೆ. ಬೀದಿಯ ಕೊನೆಯ ಕೊಟ್ಟಿಗೆಯಲ್ಲಿ ಎರಡು ಹಸು ಕಟ್ಟಿಕೊಂಡು, ಅರ್ಧ ಬೀದಿಗೆ ಹಾಲು ಹಾಕಿ ಬದುಕುವ ಹೆಂಗಸು. ಹಳ್ಳಿ ಮಹಾನಗರಕ್ಕೆ ಸೇರಿದ್ದೇ ತಡ, ನಮ್ಮವರ ಮೂಗುಗಳು ಚುರುಕಾದವು. ಕೊಟ್ಟಿಗೆ ತೆರವು ಮಾಡಿಸಬೇಕೆಂದು ಬಡಾವಣೆಯ ಸಂಘ ಪಾಲಿಕೆಗೆ ಅರ್ಜಿ ಕೊಡಲು ಹೊರಟಿತು. ಕೊಟ್ಟಿಗೆ ಹೋದರೆ ಹಸುಗಳನ್ನು ಮಾರದೆ ಕೆಂಪಮ್ಮನಿಗೆ ಬೇರೆ ದಾರಿಯಿರಲಿಲ್ಲ.

ಅರ್ಜಿ ಬರೆದವನು ನಾನು. ‘ನಿಮ್ಮಷ್ಟು ಚೆನ್ನಾಗಿ ಕನ್ನಡ ಯಾರಿಗೆ ಬರುತ್ತೆ ಸಾರ್’ ಎಂದರು, ಅಷ್ಟಕ್ಕೇ ಉಬ್ಬಿಹೋದೆ. ‘ಮಹಾನಗರದ ಘನತೆಗೆ ಗೋಮಯದ ದುರ್ಗಂಧವು ಶೋಭಿಸತಕ್ಕದ್ದಲ್ಲ’ ಎಂಬ ವಾಕ್ಯವನ್ನು ಹೊಸೆದು, ಎರಡು ಸಲ ಗಟ್ಟಿಯಾಗಿ ಓದಿ ಸುಖಿಸಿ, ಆಮೇಲೆ ಕೆಂಪಮ್ಮನ ಹಾಲಿನದೇ ಕಾಫಿ ಕುಡಿದೆ.

ಭಾನುವಾರ ಬೆಳಿಗ್ಗೆ ಪಾರ್ಕಿನಲ್ಲಿ ಸಭೆ ಸೇರಿತು. ಹೇಳದೆ ಮಾಡುವುದು ಸರಿಯಲ್ಲವೆಂದು ಕೆಂಪಮ್ಮನನ್ನೂ ಕರೆಸಿದ್ದರು. ನಾವೆಲ್ಲ ಹೆಸರು ಬರೆದು ರುಜು ಹಾಕಿದ್ದ ಅರ್ಜಿಯನ್ನು ಕಾರ್ಯದರ್ಶಿಗಳು ಓದುತ್ತಿದ್ದಷ್ಟು ಹೊತ್ತೂ ನಾನು ಹಿಂದಿನ ಸಾಲಿನಲ್ಲಿ ನನ್ನ ಚಪ್ಪಲಿಯನ್ನು ಕೂಲಂಕಷವಾಗಿ ಪರಿಶೀಲಿಸುತ್ತಿದ್ದೆ. ಕೆಂಪಮ್ಮ ಪೂರ್ತಿ ಕೇಳಿಸಿಕೊಂಡು, ನನ್ನನ್ನೇ ಹುಡುಕಿ ಹಿಡಿದಳು.

‘ಮೇಷ್ಟ್ರೇ, ಮಹಾನಗರ ಅಂದ್ರೇನು?’

‘ಬಹಳ ದೊಡ್ಡ ಊರು ಕಣಮ್ಮ.’

‘ನಮ್ಮೂರು ಇಷ್ಟೇ ಇಷ್ಟಿತ್ತು. ನೀವೆಲ್ಲ ಬಂದ್ರಿ, ಮನೆ ಕಟ್ಕೊಂಡ್ರಿ, ಎಲ್ರಿಗೂ ಜಾಗ ಆಯ್ತು. ಈಗ ದೊಡ್ಡೂರಾಯ್ತು ಅಂತೀರ. ದೊಡ್ಡದಾದ್ಮೇಲೆ ಜಾಗ ಜಾಸ್ತಿ ಆಗ್ಬೇಕಲ್ವಾ? ಎರಡು ಹಸ ಕಟ್ಟಕ್ಕೂ ಜಾಗ ಇಲ್ಲ ಅಂದ್ರೆ ಅದೆಂಥ ದೊಡ್ಡೂರು ಬುಡಿ!’

ದನಿಯಲ್ಲಿ ಸಿಟ್ಟಿರಲಿಲ್ಲ, ನಿಜಕ್ಕೂ ತಿಳಿಯದೆ ಕೇಳುವವರ ಹಾಗೆ ಕೇಳಿದ್ದಳು. ನನಗೆ ನಾಚಿಕೆಯೂ ಆಯಿತು, ಎದ್ದು ನಮಸ್ಕಾರ ಮಾಡೋಣವೆಂದೂ ಅನಿಸಿತು. ಯಾವುದರಲ್ಲಿ ದೊಡ್ಡದು ಎಂದು ನಿಘಂಟಿನೊಡನೆ ಜಗಳವಾಡಿದ್ದವನು ನಾನು. ಉತ್ತರ ಕೆಂಪಮ್ಮನ ಕೊಟ್ಟಿಗೆಯಲ್ಲಿತ್ತು.

ಮೊದಲು ಎದ್ದವರು ಟೈರ್ ಅಂಗಡಿಯ ರಹಮತುಲ್ಲಾ. ಅವರ ಗುಲಾಬಿ ಗಿಡವನ್ನು ಆ ಹಸುಗಳಲ್ಲೊಂದು ಬುಡಸಮೇತ ಮೇಯ್ದಿದ್ದರಿಂದ ದೂರುಗಳಲ್ಲೆಲ್ಲ ಅವರದೇ ಜೋರಾಗಿತ್ತು. ‘ಸಾರ್, ನನ್ನ ಹೆಸರು ಹೊಡೆದಾಕ್ಬುಡಿ. ಸಗಣಿದೇ ಪ್ರಾಬ್ಲಮ್ ಅಂದ್ರೆ ವಾರಕ್ಕೊಂದ್ ಸಲ ನನ್ನ ಗಾಡೀಲಿ ಹೆಬ್ಬೂರಿನ ತೋಟಕ್ಕೆ ಸಾಗಿಸ್ತೀನಿ, ತಗೊಳೋರಿದಾರೆ’ ಎಂದರು. ಅವರ ಹಿಂದೆ ಇನ್ನೊಬ್ಬರು, ಮತ್ತೊಬ್ಬರು. ನನ್ನ ಹೆಸರನ್ನು ನಾನೇ ಹೋಗಿ ಹೊಡೆದು ಹಾಕಿದೆ. ಕೊನೆಗೆ ಅರ್ಜಿಯಲ್ಲಿ ಉಳಿದದ್ದು ನನ್ನ ಸುಂದರವಾದ ಕನ್ನಡ ಮಾತ್ರ. ಕಾರ್ಯದರ್ಶಿಗಳು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡರು.

ಕೊಟ್ಟಿಗೆ ಉಳಿಯಿತು. ಆದರೆ ಅದನ್ನು ಬರೆದವನು ನಾನೆಂದು ಸಭೆಯಲ್ಲಿ ನಾನು ಒಪ್ಪಿಕೊಂಡಿರಲಿಲ್ಲ. ಮರುದಿನ ಬೆಳಿಗ್ಗೆ ಕೆಂಪಮ್ಮ ಹಾಲು ತಂದಾಗ ಹೆಂಡತಿಯ ಕೈಯಿಂದ ಪಾತ್ರೆ ಇಸಕೊಂಡು ನಾನೇ ಬಾಗಿಲಿಗೆ ಹೋದೆ.

‘ಕೆಂಪಮ್ಮ, ಆ ಅರ್ಜಿ ಬರೆದೋನು ನಾನೇ ಕಣಮ್ಮ. ತಪ್ಪಾಯ್ತು.’

‘ಗೊತ್ತು ಬುಡಿ ಮೇಷ್ಟ್ರೇ. ಅಷ್ಟು ಚೆಂದಾಗಿ ಬರೆಯಕ್ಕೆ ಈ ಬೀದೀಲಿ ಇನ್ಯಾರಿಗೆ ಬರ್ತದೆ?’

ಹಾಗೆಂದು ಲೀಟರಿನಲ್ಲಿ ಹಾಲು ಅಳೆದು ಪಾತ್ರೆಗೆ ಸುರಿದಳು. ಆಮೇಲೆ, ದಿನವೂ ಹಾಕುವ ಹಾಗೆಯೇ, ಮೇಲೊಂದಿಷ್ಟು ಕೊಸರು ಹಾಕಿದಳು.